ಇಷ್ಟುದ್ದದ ಕಾಲುವೆ ಇದೆ, ದೋಣಿ ಹಾಡು ಒಂದೂ ಇಲ್ಲ ಯಾಕೆ?

ಎಡದಂಡೆ ಹುಡುಗ (ಗಂಗಾವತಿ)

ಎಲ್ಲರಿಗೂ ನಮಸ್ಕಾರ. ಈ ಸಲ ರಾಜ್ಯೋತ್ಸವಕ್ಕೆ ನಮ್ಮ ಊರಿನ ಹುಡುಗರೆಲ್ಲ ಸೇರಿ ಕೆಲಸದ ಹಾಡುಗಳ ಕಾರ್ಯಕ್ರಮ ಮಾಡೋಣ ಅಂತ ಹೊರಟಿದ್ದೇವೆ. ಬೀಸುವ ಪದ ಹಾಡಲು ನಮ್ಮ ಓಣಿಯ ಅಜ್ಜಿಯರು ಒಪ್ಪಿದ್ದಾರೆ. ಭತ್ತದ ಸಸಿ ಹಚ್ಚುವವರ ಪದ ಸಿಕ್ಕಿದೆ. ಕಣದಲ್ಲಿ ರಾಶಿ ಮಾಡುವಾಗ ಹಾಡುವ ಹಂತಿ ಪದ ಬಲ್ಲ ಹಿರಿಯರೊಬ್ಬರು ಪಕ್ಕದ ಊರಲ್ಲಿದ್ದಾರೆ, ಅವರನ್ನು ಕರೆತರಬೇಕು ಅಷ್ಟೇ. ಎಲ್ಲ ಸರಿ ಹೋಯಿತು ಅನ್ನುವಷ್ಟರಲ್ಲಿ ತಂಡದ ಒಬ್ಬ ತಕರಾರು ತೆಗೆದ. ನಾವು ಕಾಲುವೆ ಕೆಳಗಿನವರು, ಕಾಲುವೆಯಲ್ಲಿ ದೋಣಿ ನಡೆಸುವವರ ಹಾಡು ಒಂದಾದರೂ ಇರಬೇಕಲ್ವಾ ಅಂತ.

ಮೊಬೈಲ್‌ನಲ್ಲಿ ಹುಡುಕಿದೆ. ಬಂಗಾಳದ್ದು ಬಂತು, ಕೇರಳದ್ದು ಬಂತು, ರಷ್ಯಾದ ವೋಲ್ಗಾ ನದಿಯದು ಬಂತು, ಚೀನಾದ್ದೂ ಬಂತು. ನಮ್ಮದು ಮಾತ್ರ ಒಂದೂ ಇಲ್ಲ. ತುಂಗಭದ್ರಾ ಡ್ಯಾಮಿನ ಎಡದಂಡೆ ಮೇನ್ ಕೆನಾಲ್ ಒಂದೇ 227 ಕಿ.ಮೀ. ಇದೆ, ಕೊಪ್ಪಳ ಜಿಲ್ಲೆಯಲ್ಲಿ ಹುಟ್ಟಿ ರಾಯಚೂರು ಜಿಲ್ಲೆಯ ತುಂಬಾ ಹರಿಯುತ್ತದೆ, ಆದರೂ ಇದರ ಮೇಲೆ ದೋಣಿ ಹೋದ ಕಥೆಯನ್ನು ನಮ್ಮ ಮನೆಯಲ್ಲಿ ಯಾರೂ ಹೇಳಿಲ್ಲ. ಯಾಕೆ? ಇನ್ನೊಂದು ವಿಷಯ, ಹೊರಗಿನ ಧಾಟಿ ತಂದು ಕನ್ನಡದ ಮಾತು ಕೂಡಿಸಿ ಹಾಡಿದರೆ ನಡೆಯುತ್ತಾ, ಇಲ್ಲ ಬಲ್ಲವರು ನಗುತ್ತಾರಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕೊನೆ ತೂಬು (ಮಾನ್ವಿ)

ತಮ್ಮಾ, ನಿನ್ನ ಮೊದಲ ಪ್ರಶ್ನೆಗೆ ಉತ್ತರ ಕಾಲುವೆ ದಂಡೆ ಮೇಲೆ ಒಂದು ಸುತ್ತು ಹಾಕಿದರೆ ಅಲ್ಲೇ ಸಿಗುತ್ತದೆ. ನಮ್ಮ ಕಾಲುವೆ ಕಟ್ಟಿದ್ದು ನೀರು ಕೊಡಲು, ಸಾಮಾನು ಸಾಗಿಸಲು ಅಲ್ಲ. ನೆಲ ಇಳಿದ ಕಡೆ ಡ್ರಾಪ್ ಕಟ್ಟಿದ್ದಾರೆ, ನೀರು ಅಲ್ಲಿ ಧುಮುಕುತ್ತದೆ. ದೋಣಿ ಧುಮುಕಿದರೆ ಮೇಲೆ ಬರುತ್ತದಾ? ಅಂಥ ಕಡೆ ದೋಣಿ ದಾಟಬೇಕಾದರೆ ಲಾಕ್ ಬೇಕು. ಹಿಂದೊಂದು ಗೇಟು, ಮುಂದೊಂದು ಗೇಟು, ನಡುವೆ ದೋಣಿ ನಿಲ್ಲುವಷ್ಟು ಜಾಗ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಗೇಟು ಹಾಕಿ, ಒಳಗಿನ ನೀರನ್ನು ಮೆಲ್ಲಗೆ ಇಳಿಸಿ, ಕೆಳಗಿನ ಮಟ್ಟಕ್ಕೆ ಬಂದಾಗ ಮುಂದಿನ ಗೇಟು ತೆಗೆಯುವುದು. ಹತ್ತುವಾಗ ಇದೇ ಕೆಲಸ ಉಲ್ಟಾ. ನಮ್ಮಲ್ಲಿ ಇರುವುದು ನೀರು ಬಿಡುವ ಗೇಟು ಮಾತ್ರ. ಅದೂ ಬೇಸಿಗೆಯಲ್ಲಿ ಕಾಲುವೆ ಬಂದ್. ತಿಂಗಳುಗಟ್ಟಲೆ ಒಣಗಿ ಬಿದ್ದಿರುವ ದಾರಿಯಲ್ಲಿ ಯಾವ ದೋಣಿಯವನು ಹೊಟ್ಟೆ ಹೊರೆಯುತ್ತಾನೆ? ಡ್ಯಾಮಿನ ನೀರು ಬಿಟ್ಟದ್ದು 1953ರಲ್ಲಿ. ಅಷ್ಟೊತ್ತಿಗೆ ರೈಲೂ ಇತ್ತು, ಲಾರಿಯೂ ಬಂದಿತ್ತು.

ಆದರೆ ಇದೇ ತುಂಗಭದ್ರೆಯ ಕೆಳಗೆ ದೋಣಿಗಂತಲೇ ಲೆಕ್ಕ ಹಾಕಿ ಕಟ್ಟಿದ ಕಾಲುವೆ ಒಂದಿದೆ. ಸುಂಕೇಸುಲ ಹತ್ತಿರ ಹೊರಡುವ ಕರ್ನೂಲು-ಕಡಪ ಕಾಲುವೆ. ಈಗಿನ ಜನ ಕೆ.ಸಿ. ಕೆನಾಲ್ ಅನ್ನುತ್ತಾರೆ. 1860ರ ದಶಕದಲ್ಲಿ ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ ಇದನ್ನು ತೋಡಿಸಿತು. ಅದರ ಹಿಂದೆ ಇದ್ದದ್ದು ಆರ್ಥರ್ ಕಾಟನ್ ಎಂಬ ಬ್ರಿಟಿಷ್ ಎಂಜಿನಿಯರ್ ಅವರ ಯೋಚನೆ. ರೈಲಿಗೆ ಸುರಿಯುವ ದುಡ್ಡನ್ನು ಕಾಲುವೆಗೆ ಹಾಕಿ, ಬೆಳೆಗೆ ನೀರೂ ಆಗುತ್ತದೆ, ಸಾಗಾಣಿಕೆಯೂ ಸೋವಿ ಆಗುತ್ತದೆ ಅಂತ ಆ ಮನುಷ್ಯ ಬ್ರಿಟಿಷರ ತಲೆ ತಿಂದಿದ್ದರು. ಎರೆ ಭೂಮಿಯಲ್ಲಿ ಮಳೆಗಾಲದಲ್ಲಿ ಚಕ್ಕಡಿ ಹೊಡೆದವರಿಗೆ ಅವರ ಮಾತು ತಕ್ಷಣ ಅರ್ಥ ಆಗುತ್ತದೆ! ಬಳ್ಳಾರಿಯೂ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಆದರೆ ಕಂಪನಿಗೆ ಲಾಭ ಹುಟ್ಟಲಿಲ್ಲ. ದೋಣಿ ವ್ಯಾಪಾರ ಅಂದುಕೊಂಡಷ್ಟು ಬೆಳೆಯಲಿಲ್ಲ. 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು. ಈಗ ಅದೂ ನಮ್ಮದರ ಹಾಗೆ ಹೊಲದ ಕಾಲುವೆ.

ದೋಣಿ ನಿಜವಾಗಿ ಓಡಿದ್ದು ಗೋದಾವರಿ, ಕೃಷ್ಣಾ ಮುಖಜ ಭೂಮಿಯ ಕಾಲುವೆಗಳಲ್ಲಿ, ಅಲ್ಲಿಂದ ಬಕಿಂಗ್‌ಹ್ಯಾಮ್ ಕಾಲುವೆ ಹಿಡಿದು ಮದ್ರಾಸಿನವರೆಗೆ. ಬಕಿಂಗ್‌ಹ್ಯಾಮ್ ಕಾಲುವೆ 1806ರಲ್ಲಿ ಮದ್ರಾಸಿನಿಂದ ಎಣ್ಣೂರು ಕಡೆಗೆ ಚಿಕ್ಕದಾಗಿ ಶುರುವಾದದ್ದು. 1876-78ರ ಬರದಲ್ಲಿ, ನಮ್ಮ ಹಿರಿಯರು ಧಾತು-ಈಶ್ವರದ ಬರ ಅನ್ನುತ್ತಿದ್ದರಲ್ಲ ಅದೇ, ಕೂಲಿ ಕೆಲಸವಾಗಿ ಅದನ್ನು ಮುಂದುವರಿಸಿದರು. ಬಳ್ಳಾರಿ ಸೀಮೆಯನ್ನು ಗುಡಿಸಿ ಹಾಕಿದ ಬರ ಅದು. ಆ ಕಾಲುವೆಯಲ್ಲಿ ಅಕ್ಕಿ, ಉಪ್ಪು, ಸೌದೆ ಹೋಗುತ್ತಿತ್ತು. ಗಾಳಿ ಇದ್ದರೆ ಹಾಯಿ. ಇಲ್ಲದಿದ್ದರೆ ಗಳ ಊರುವುದು, ಅಥವಾ ದಂಡೆ ಮೇಲೆ ನಡೆಯುತ್ತಾ ಹಗ್ಗ ಹಾಕಿ ಎಳೆಯುವುದು. ನಿನಗೆ ಕಾಲುವೆ ದೋಣಿಯ ಹಾಡೇ ಬೇಕು ಅಂದರೆ ತೆಲುಗರ ಕಡೆ ಕೇಳು. ಅದು ನಮಗೆ ಪಕ್ಕದ ಮನೆ, ವೋಲ್ಗಾವರೆಗೆ ಯಾಕೆ ಹೋಗುತ್ತೀಯಾ.

ಬಳ್ಳಾರಿ ಬಿಸಿಲು

ಸುಮ್ನೆ ಒಂದು ಸಿನಿಮಾ ದೋಣಿ ಹಾಡು ಹಾಕಿ ಬಿಡ್ರಿ, ಜನ ಶಿಳ್ಳೆ ಹೊಡೆಯುತ್ತಾರೆ 😄

ಪದ ಕಟ್ಟುವಾಕೆ (ಬಳ್ಳಾರಿ)

ಬಿಸಿಲು ಅಣ್ಣಾ, ಶಿಳ್ಳೆ ಬರುತ್ತದೆ ನಿಜ, ಆದರೆ ಸಿನಿಮಾ ಹಾಡಿಗೆ ಒಂದು ಹಗ್ಗ ಎಳೆದು ನೋಡಿ. ಕೈ ಕೂಡುವುದೇ ಇಲ್ಲ. ಹಾಡುವವನು ಬೇರೆ, ಎಳೆಯುವವನು ಬೇರೆ ಆಗಿಬಿಟ್ಟರೆ ಅದು ಕೆಲಸದ ಹಾಡಲ್ಲ, ಕೆಲಸದ ಬಗ್ಗೆ ಹಾಡು.

ಹುಡುಗನ ಎರಡನೇ ಪ್ರಶ್ನೆಗೆ ಬರುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ದೋಣಿ ಹಾಡು ಅಂತ ಒಂದೇ ಜಾತಿಯ ಹಾಡಿಲ್ಲ. ಮೈಗೆ ಎಂಥ ಕೆಲಸವೋ ಹಾಡಿಗೆ ಅಂಥ ನಡಿಗೆ. ವೋಲ್ಗಾದಲ್ಲಿ ಬುರ್ಲಾಕರು ಅನ್ನುವ ಕೂಲಿಗಳು ಎದೆಗೆ ಪಟ್ಟಿ ಹಾಕಿಕೊಂಡು ದಡದ ಮೇಲೆ ನಡೆಯುತ್ತಾ ಹರಿವಿನ ಎದುರಿಗೆ ತುಂಬಿದ ದೋಣಿ ಎಳೆಯುತ್ತಿದ್ದರು. ಅಲ್ಲಿ ಒಂದೊಂದು ಹೆಜ್ಜೆಯೂ ಭಾರ. ಅದಕ್ಕೆ ಹಾಡೂ ನಿಧಾನ, ಒಂದೇ ಕೂಗು ಮತ್ತೆ ಮತ್ತೆ ಬರುತ್ತದೆ. ಅವರ ಧಾಟಿಯೊಂದನ್ನು ಬಾಲಾಕಿರೆವ್ ಎಂಬ ಸಂಗೀತಗಾರ ಬರೆದುಕೊಂಡು 1866ರಲ್ಲಿ ಅಚ್ಚು ಹಾಕಿಸಿದರು, ಅಲ್ಲಿಂದ ಅದು ಲೋಕಕ್ಕೆಲ್ಲ ಗೊತ್ತಾಯಿತು. ಈಗ ನೀವು ಮೊಬೈಲ್‌ನಲ್ಲಿ ಕೇಳಿರುವುದು ಸೂಟು ಹಾಕಿದ ಗಾಯಕರು ವೇದಿಕೆ ಮೇಲೆ ಹಾಡಿದ್ದಿರಬೇಕು, ಬೆವರು ಎಲ್ಲಿಂದ ಬರಬೇಕು ಅದರಲ್ಲಿ.

ಬಂಗಾಳದಲ್ಲಿ ನೋಡಿ, ಒಂದೇ ನದಿ, ಎರಡು ಥರ. ಹತ್ತಾರು ಜನ ಒಟ್ಟಿಗೆ ಹುಟ್ಟು ಹಾಕುವಾಗ ಹಾಡುವುದು ಸಾರಿ ಗಾನ. ಒಬ್ಬ ಎತ್ತುತ್ತಾನೆ, ಉಳಿದವರು ತಾಳಕ್ಕೆ ಹುಟ್ಟು ಹಾಕುತ್ತಾ ಉತ್ತರ ಕೊಡುತ್ತಾರೆ. ಭಟಿಯಾಲಿ ಹಾಗಲ್ಲ. ದೋಣಿ ಹರಿವಿನ ಜೊತೆ ತಾನೇ ತೇಲಿಕೊಂಡು ಹೋಗುವಾಗ ಒಬ್ಬನೇ ಅಂಬಿಗ ಹಾಡಿಕೊಳ್ಳುವುದು. ಕೈಗೆ ಕೆಲಸ ಕಮ್ಮಿ, ಅದಕ್ಕೆ ತಾಳದ ಹಂಗಿಲ್ಲ, ಸ್ವರವನ್ನು ಎಷ್ಟು ಬೇಕೋ ಅಷ್ಟು ಎಳೆಯಬಹುದು. ಕೇರಳದ ದೋಣಿ ಹಾಡು ವಂಚಿಪ್ಪಾಟ್ಟು ಮತ್ತೆ ಹುಟ್ಟಿನ ತಾಳದ್ದು. ರಾಮಪುರತ್ತು ವಾರಿಯರ್ 18ನೇ ಶತಮಾನದಲ್ಲೇ ಆ ಧಾಟಿಯಲ್ಲಿ ಕುಚೇಲನ ಕಥೆಯನ್ನು ಕಾವ್ಯ ಮಾಡಿದರು. ಇವತ್ತಿಗೂ ಆರನ್ಮುಳದ ಹಾವುದೋಣಿಗಳಲ್ಲಿ ಆ ಧಾಟಿ ಕೇಳಬಹುದು.

ಕಾಲುವೆ ಅಂತಲೇ ಹಿಡಿದರೆ ನನಗೆ ತುಂಬಾ ಇಷ್ಟವಾದದ್ದು ಚೀನಾದ ಗ್ರ್ಯಾಂಡ್ ಕೆನಾಲ್. ಸುಮಾರು 1,800 ಕಿ.ಮೀ. ಉದ್ದ. ಬೀಜಿಂಗ್ ಪಕ್ಕದ ತೋಂಗ್‌ಝೌಗೆ ದಕ್ಷಿಣದಿಂದ ಸರ್ಕಾರದ ಧಾನ್ಯ ಬರುತ್ತಿದ್ದ ದಾರಿ. ಅಲ್ಲಿಯ ದೋಣಿಯವರಲ್ಲಿ ಲಂಗರು ಎತ್ತಲು ಒಂದು ಕೂಗು, ಹಾಯಿಕಂಬ ನಿಲ್ಲಿಸಲು ಇನ್ನೊಂದು, ಹುಟ್ಟಿಗೆ ಬೇರೆ, ಹಗ್ಗ ಎಳೆಯಲು ಬೇರೆ, ಸರಕು ಇಳಿಸಲು ಬೇರೆ, ಕೆಲಸ ಇಲ್ಲದ ಹೊತ್ತಿಗೂ ಒಂದು! ಹಾವ್‌ಝಿ ಅನ್ನುತ್ತಾರೆ ಇವಕ್ಕೆ. ಕಾಲುವೆ ನೀರು ಶಾಂತ, ಅದಕ್ಕೆ ಅಲ್ಲಿಯ ಹಾವ್‌ಝಿಯೂ ಅವಸರ ಪಡುವುದಿಲ್ಲ. ಅದೇ ಸಿಚುವಾನ್ ಕಡೆ ಯಾಂಗ್ಟ್ಸೆ ನದಿಯ ಕಲ್ಲು ಬಂಡೆ, ಸುಳಿಗಳ ನಡುವೆ ಹೋಗುವವರ ಕೂಗು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅದನ್ನು 2006ರಲ್ಲಿ ಚೀನಾ ತನ್ನ ರಾಷ್ಟ್ರೀಯ ಪರಂಪರೆ ಪಟ್ಟಿಗೆ ಸೇರಿಸಿತು.

ಹಾಗಂತ ಕಾಲುವೆ ಇದ್ದಲ್ಲೆಲ್ಲ ಇಂಥ ಹಾಡು ಇರಲೇಬೇಕು ಅಂತ ಇಲ್ಲ. ಇಂಗ್ಲೆಂಡಿನ ಕಾಲುವೆ ದೋಣಿಗಳನ್ನು ಎಳೆದದ್ದು ಕುದುರೆ. ಅಮೆರಿಕದ ಈರಿ ಕಾಲುವೆ 1825ರಲ್ಲಿ ಶುರುವಾಯಿತು, ಅಲ್ಲಿ ಎಳೆದದ್ದು ಕುದುರೆ ಮತ್ತು ಹೇಸರಗತ್ತೆ. ಪ್ರಾಣಿ ಎಳೆಯುವಾಗ ನಾಲ್ಕು ಜನ ದನಿ ಕೂಡಿಸಿ ಹಾಡಬೇಕಾದ ಗರಜು ಏನಿದೆ? ಆ ಕಾಲುವೆಯದು ಅಂತ ಎಲ್ಲರೂ ಹಾಡುವ ಹೇಸರಗತ್ತೆಯ ಹಾಡೊಂದಿದೆ. ಅದನ್ನು ಕಟ್ಟಿದ್ದು ದೋಣಿಯವರಲ್ಲ, ಇಪ್ಪತ್ತನೇ ಶತಮಾನ ಶುರುವಾದ ಮೇಲೆ, ಕತ್ತೆಗಳ ಕಾಲ ಮುಗಿಯುತ್ತಾ ಬಂದಾಗ, ಹಾಡು ಬರೆದು ಮಾರುವುದೇ ಕಸುಬಾಗಿದ್ದ ಒಬ್ಬರು. ಚೆನ್ನಾಗಿದೆ, ಅದರಲ್ಲಿ ಮಾತಿಲ್ಲ. ಆದರೆ ನಿಮ್ಮ ಬ್ಯಾನರ್ ಮೇಲೆ ಅದನ್ನು ಪಾರಂಪರಿಕ ಅಂತ ಬರೆಯಬೇಡಿ.

ಅದಕ್ಕೆ ನನ್ನ ಮಾತು ಇಷ್ಟು. ಧಾಟಿ ತರುವ ಮೊದಲು ನಿಮ್ಮ ಹುಡುಗರು ವೇದಿಕೆ ಮೇಲೆ ಏನು ಮಾಡುತ್ತಾರೆ ಅದನ್ನು ಗಟ್ಟಿ ಮಾಡಿಕೊಳ್ಳಿ. ಎಳೆಯುತ್ತಾರಾ, ಹುಟ್ಟು ಹಾಕುತ್ತಾರಾ?

ನಡುಗಡ್ಡೆ (ರಾಯಚೂರು)

ಅಕ್ಕ ಚೆನ್ನಾಗಿ ಹೇಳಿದ್ದಾರೆ. ನಾನು ನದಿ ಕಡೆಯವನು, ಒಂದು ಮಾತು ಸೇರಿಸುತ್ತೇನೆ. ಕಾಲುವೆ ಬಿಡಿ, ನಮ್ಮ ಕೃಷ್ಣೆಯಲ್ಲಿ, ನಿಮ್ಮ ತುಂಗಭದ್ರೆಯಲ್ಲಿ ದೋಣಿಗೆ ಬರ ಇತ್ತಾ? ಕುರುವಪುರದ ಕಡೆ ನಡುಗಡ್ಡೆ ಊರುಗಳ ಜನ ಇತ್ತೀಚಿನವರೆಗೂ ತೆಪ್ಪದಲ್ಲೇ ದಾಟಿದ್ದಾರೆ. ಆನೆಗೊಂದಿ-ಹಂಪಿ ನಡುವೆ ಹರಿಗೋಲು ಇದ್ದೇ ಇದೆ. ಹಾಗಿದ್ದರೂ ಹುಟ್ಟಿನ ತಾಳದ ಗುಂಪು ಹಾಡು ನಮ್ಮ ಕಡೆ ಬೆಳೆಯಲಿಲ್ಲ. ಕಾರಣ ಹರಿಗೋಲಿನಲ್ಲೇ ಇದೆ.

ಹರಿಗೋಲು ದುಂಡಗಿನ ಬುಟ್ಟಿ. ಬಿದಿರಿನ ಹೆಣಿಗೆ, ಹೊರಗೆ ಮೊದಲು ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲಕ್ಕೆ ಡಾಂಬರು ಬಳಿಯುತ್ತಾರೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸಿನ ಡೊಮಿಂಗೊ ಪಾಯಸ್ ಆನೆಗೊಂದಿ ಹತ್ತಿರ ಇದನ್ನು ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿ ಥರ ದುಂಡಗಿವೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಆದರೆ ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತವೆ ಅಂತ. ಈ ರಾಜ್ಯದ ಹೊಳೆಗಳಲ್ಲಿ ಇದು ಬಿಟ್ಟರೆ ಬೇರೆ ದೋಣಿಯೇ ಇಲ್ಲ ಅಂತಲೂ ಹೇಳುತ್ತಾನೆ. ಐನೂರು ವರ್ಷ ಆಯಿತು, ಹಂಪಿಗೆ ಹೋದ ಟೂರಿಸ್ಟ್ ಇವತ್ತು ಬರೆದರೂ ಹೀಗೇ ಬರೆಯುತ್ತಾನೆ!

ಈಗ ಯೋಚನೆ ಮಾಡಿ. ಬುಟ್ಟಿ ತಿರುಗುತ್ತದೆ, ಹುಟ್ಟು ಹಿಡಿದವನು ಒಬ್ಬ, ಜಾಸ್ತಿ ಅಂದರೆ ಇಬ್ಬರು. ಉಳಿದವರೆಲ್ಲ ಅಂಚು ಹಿಡಿದು ದೇವರನ್ನು ನೆನೆಯುವವರು. ಯಾರಿಗೆ ಯಾರು ತಾಳ ಕೊಡಬೇಕು? ನಾವು ದೋಣಿ ಹಾಡು ಅಂದ ಕೂಡಲೇ ಪುರಂದರದಾಸರು ಅಂಬಿಗನನ್ನು ಕರೆಯುವ ಪದ ನೆನೆಯುತ್ತೇವೆ ಅಲ್ವಾ? ಸರಿಯಾಗಿ ನೋಡಿ, ಅದು ಕೂತು ದಾಟುವವನ ಪದ, ಹುಟ್ಟು ಹಾಕುವವನದಲ್ಲ. ದಾಸರು ಹಂಪಿಯ ಹೊಳೆ ನೋಡಿದವರು, ತುಂಬಿದ ಹರಿಗೋಲಿನ ಭಯ ಅವರಿಗೆ ಗೊತ್ತಿತ್ತು. ಹುಟ್ಟು ಹಿಡಿದವನ ಕಡೆಯಿಂದ ಮಾತಾಡಿದವರು ಬೇಕು ಅಂದರೆ ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನವರ ಹತ್ತಿರ ಹೋಗಬೇಕು. ಅವರೂ ಇದೇ ತುಂಗಭದ್ರೆಯ ದಡದವರೇ, ಹೊಳೆಯ ಮೇಲ್ಗಡೆ ಇರುವ ಚೌಡದಾನಪುರದವರು. ಆದರೆ ಅವರದು ವಚನ, ಅದರಲ್ಲೂ ಕಪಾಳಕ್ಕೆ ಬಾರಿಸಿದ ಹಾಗಿರುವ ವಚನ.

ಒಂದು ಜಾಗ ಮಾತ್ರ ನೋಡಿ ಬನ್ನಿ. ತುಂಗಭದ್ರಾ ಹಿನ್ನೀರಿನಲ್ಲಿ ಅಲಿವಿ ಬಲೆ ಅಂತ ಇದೆ. ತುಂಬಾ ದೊಡ್ಡ ಬಲೆ, ನೀರಲ್ಲಿ ಸುತ್ತು ಬಿಟ್ಟು ದಡದಿಂದ ಎರಡೂ ಕಡೆ ಹಗ್ಗ ಹಿಡಿದು ಬಹಳ ಜನ ಎಳೆಯುತ್ತಾರೆ. ಮರಿ ಮೀನನ್ನೂ ಬಳಿದುಕೊಂಡು ಬರುತ್ತದೆ ಅಂತ ಅದರ ಮೇಲೆ ಜಗಳ ಇದೆ, ಅದು ಬೇರೆ ವಿಷಯ. ಆದರೆ ನಮ್ಮ ಸೀಮೆಯ ನೀರಿನ ಕೆಲಸದಲ್ಲಿ ಇಷ್ಟು ಕೈ ಒಂದೇ ಹಗ್ಗಕ್ಕೆ ಬೀಳುವುದು ಅಲ್ಲೇ. ಮೊಬೈಲ್ ಜೇಬಲ್ಲಿ ಇಟ್ಟುಕೊಂಡು ಮೊದಲು ಕಿವಿಯಿಂದ ಕೇಳಿ. ಆಮೇಲೆ ಅವರನ್ನು ಕೇಳಿ ರೆಕಾರ್ಡ್ ಮಾಡಿ.

ಎಡದಂಡೆ ಹುಡುಗ (ಗಂಗಾವತಿ)

ಯಪ್ಪಾ, ಒಂದು ಪ್ರಶ್ನೆಗೆ ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಹುಟ್ಟು ಬೇಡ ಅಂತ ತೀರ್ಮಾನ ಆಯಿತು, ಹಗ್ಗ ಎಳೆಯುತ್ತೇವೆ. ಹಗ್ಗದ ಆ ತುದಿಗೆ ಏನು ಕಟ್ಟಬೇಕು ಅನ್ನುವುದರ ಮೇಲೆ ಈಗ ಜಗಳ. ಥರ್ಮಾಕೋಲ್ ದೋಣಿ ಅನ್ನುತ್ತಾನೆ ಒಬ್ಬ.

ಕಣದ ಕಾವಲು (ಲಿಂಗಸುಗೂರು)

ಥರ್ಮಾಕೋಲ್ ದೋಣಿ ಕಟ್ಟಿದರೆ ಎಳೆಯುವ ನಟನೆ ಮಾಡಬೇಕಾಗುತ್ತದೆ, ನೋಡುವವರಿಗೆ ಕೂಡಲೇ ಗೊತ್ತಾಗುತ್ತದೆ. ನಿಜವಾದ ಭಾರ ಕಟ್ಟಿ. ಭತ್ತದ ಚೀಲ ಹೇರಿದ ಬಂಡಿ ಕಟ್ಟಿ, ಗಂಗಾವತಿಯಲ್ಲಿ ಭತ್ತಕ್ಕೇನು ಕಮ್ಮಿ. ಭಾರ ಇದ್ದರೆ ದನಿ ತಾನೇ ಸರಿಯಾದ ಜಾಗದಲ್ಲಿ ಬೀಳುತ್ತದೆ. ಮುಂದಾಳು ಸಾಲು ಹೇಳುವಾಗ ಉಳಿದವರು ಉಸಿರು ತೆಗೆದುಕೊಳ್ಳಬೇಕು, ಕೂಗು ಬಂದಾಗ ಮಾತ್ರ ಎಳೆಯಬೇಕು. ಸಾಲಿನ ಮೇಲೆ ಎಳೆದರೆ ಅರ್ಧ ಹಾಡಿಗೆ ಸುಸ್ತು.

ಇನ್ನೊಂದು, ಹಂತಿ ಪದವನ್ನು ನೀವು ಪಟ್ಟಿಯಲ್ಲಿ ಒಂದು ಐಟಂ ಥರ ಹಾಕಿದ್ದೀರಿ. ನನ್ನ ಪ್ರಕಾರ ನೀವು ಹುಡುಕುತ್ತಿರುವುದು ಅದರಲ್ಲೇ ಇದೆ. ಕಣದ ನಡುವೆ ಮೇಟಿ, ಅದಕ್ಕೆ ಸಾಲಾಗಿ ಕಟ್ಟಿದ ಎತ್ತು, ಕಾಲ ಕೆಳಗೆ ಜೋಳದ ತೆನೆ. ರಾತ್ರಿ ಇಡೀ ಸುತ್ತಬೇಕು. ಎತ್ತು ನಿಲ್ಲಬಾರದು, ಮನುಷ್ಯ ನಿದ್ದೆ ಮಾಡಬಾರದು. ಅದಕ್ಕೆ ಪದ. ಮುಂದಿನವನು ಎತ್ತಿಕೊಡುತ್ತಾನೆ, ಹಿಂದಿನವನು ಹಿಡಿಯುತ್ತಾನೆ, ಕಥೆ ಬೆಳಗಿನವರೆಗೆ ಬೆಳೆಯುತ್ತದೆ. ಮೇಲೆ ಅಕ್ಕ ಹೇಳಿದ ನಿಧಾನದ ನಡಿಗೆ, ಎತ್ತಿಕೊಟ್ಟು ಹಿಡಿಯುವುದು, ಎರಡೂ ನಮ್ಮ ಕಣದಲ್ಲಿತ್ತು. ಮಷಿನ್ ಬಂದ ಮೇಲೆ ರಾಶಿ ಒಂದು ತಾಸಿನ ಕೆಲಸ ಆಯಿತು, ಅದು ಒಳ್ಳೆಯದೇ, ಯಾರಿಗೆ ಬೇಕು ಆ ರಾತ್ರಿಯ ಚಳಿ. ಪದಕ್ಕೆ ಮಾತ್ರ ಜಾಗ ಇಲ್ಲದಾಯಿತು. ಆ ಹಿರಿಯರನ್ನು ವೇದಿಕೆ ಮೇಲೆ ನಿಲ್ಲಿಸಿ ಎರಡು ನಿಮಿಷದಲ್ಲಿ ಮುಗಿಸಿ ಅನ್ನಬೇಡಿ ಮತ್ತೆ. ಕೂರಿಸಿ, ಸಮಯ ಕೊಡಿ.

ಪದ ಕಟ್ಟುವಾಕೆ (ಬಳ್ಳಾರಿ)

ಬಂಡಿ ಕಟ್ಟುವ ಮಾತು ಸರಿ. ಹೊರಗಿನ ಧಾಟಿಯೂ ಬೇಡ ಹಾಗಾದರೆ, ಎಳೆತದ ಕೂಗು ನಮ್ಮಲ್ಲೇ ಇದೆ. ತೇರು ಎಳೆಯುವವರು, ಗೋಡೌನ್ ಹಮಾಲರು, ಬಾವಿಗೆ ಬಿದ್ದ ಮೋಟಾರು ಎತ್ತುವವರು, ಎಲ್ಲರೂ ಕೂಗುತ್ತಾರೆ. ಇನ್ನು ಮಾತು. ಎಲ್ಲ ದೇಶದಲ್ಲೂ ಇಂಥ ಹಾಡಿನಲ್ಲಿ ಮುಂದಾಳುವಿಗೆ ಒಂದು ಸಲುಗೆ ಇರುತ್ತದೆ, ಯಜಮಾನನನ್ನು ಬೈಯಬಹುದು, ಊಟ ಸರಿಯಿಲ್ಲ ಅನ್ನಬಹುದು, ಅಲ್ಲೇ ನಿಂತು ಸಾಲು ಕಟ್ಟಬಹುದು. ಹಾಡಿದರೆ ತಪ್ಪಿಲ್ಲ, ಮಾತಲ್ಲಿ ಹೇಳಿದರೆ ಕೂಲಿ ಹೋಗುತ್ತದೆ. ಅದನ್ನು ಬಿಡಬೇಡಿ. ಈಗ ಕೂತಲ್ಲೇ ಕಟ್ಟಿದ್ದು, ಕಾಲುವೆಯ ಮೇಲೇ ಇದೆ, ಬೇಕಾದರೆ ತಿದ್ದಿಕೊಳ್ಳಿ:

ಮ್ಯಾಲಿನ ತೂಬಿಗೆ ನೀರ ಬಂತು — ಐಸಾ!
ಕೆಳಗಿನ ಹೊಲಕ ಧೂಳ ಬಂತು — ಐಸಾ!
ಗೇಟಿನ ಸಾಹೇಬ ಮಲಗ್ಯಾನೋ — ಐಸಾ!
ಬಂಡಿ ಸಪ್ಪಳಕ ಎಬ್ಬಿಸ್ರೋ — ಐಸಾ!
ಸಸಿ ಮಡಿ ಒಳಗ ಒಣಗ್ಯಾವೋ — ಐಸಾ!
ಎಳೀರೋ ತಮ್ಮಾ ಜಗ್ಗೀರೋ — ಐಸಾ!

ಕೊನೆ ತೂಬು (ಮಾನ್ವಿ)

ಎರಡನೇ ಸಾಲು ನಮ್ಮೂರಿನದೇ! ತಂಗೀ, ನಮ್ಮ ಕಡೆಗೆ ಯಾವಾಗ ಬಂದಿದ್ದೆ? ಈ ಹಾಡಿಗೆ ಮಾನ್ವಿಯಿಂದ ಹತ್ತು ಜನ ಹಗ್ಗ ಹಿಡಿಯಲು ಬರುತ್ತೇವೆ, ಬಸ್ ಚಾರ್ಜ್ ನಮ್ಮದೇ. ಆದರೆ ತಮ್ಮಾ, ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ ಯಾರು ಅಂತ ಮೊದಲು ಹೇಳು. ಗೇಟಿನ ಸಾಹೇಬರನ್ನೇ ಕರೆದಿದ್ದರೆ ಮೂರನೇ ಸಾಲು ಹಾಡುವಾಗ ಅವರ ಮುಖ ನೋಡಬೇಕು.

ಎಡದಂಡೆ ಹುಡುಗ (ಗಂಗಾವತಿ)

ಅಣ್ಣಾ, ಅವರನ್ನೇ ಕರೆದಿದ್ದೇವೆ 😅 ಕಾರ್ಡ್ ಅಚ್ಚಾಗಿದೆ. ಮೂರನೇ ಸಾಲು ಇರಲಿ ಅಂತ ಹುಡುಗರೆಲ್ಲ ಕೈ ಎತ್ತಿದರು. ಬಂಡಿ ಒಂದು ಸಿಕ್ಕಿದೆ, ಹಗ್ಗ ಲಾರಿಯವರ ಹತ್ತಿರ ಕೇಳಿದ್ದೇವೆ. ಹಿನ್ನೀರಿಗೆ ಮುಂದಿನ ಭಾನುವಾರ ಹೋಗುತ್ತೇವೆ. ಬರುವವರು ಇದ್ದರೆ ಬೆಳಗ್ಗೆ ಗಂಗಾವತಿ ಬಸ್‌ಸ್ಟ್ಯಾಂಡಿಗೆ ಬನ್ನಿ. ನಡುಗಡ್ಡೆ ಅಣ್ಣಾ, ಅಲಿವಿ ಬಲೆ ಎಳೆಯುವುದು ಯಾವ ಹೊತ್ತಿಗೆ, ಬೆಳಗಿನ ಜಾವವೇ ಹೋಗಬೇಕಾ?